ಬಚ್ಚಲು ಹುಡುಕುವ ಡ್ರೋನು

ಗಾಳಿಯ ತಪ್ಪಿರಲಿಲ್ಲ, ಮೋಟಾರಿನ ತಪ್ಪೂ ಇರಲಿಲ್ಲ. ತಪ್ಪೆಲ್ಲ ನನ್ನ ಪಡಸಾಲೆಯ ನೆಲದ್ದು. ಅದನ್ನು ಕಂಡುಹಿಡಿಯಲು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ನಾನೇ ಬೇಕಾಯಿತು. ನನ್ನ ತಮ್ಮ ಇಡೀ ಗುಳೇದಗುಡ್ಡಕ್ಕೇ ಜಾಣ. ಅಷ್ಟು ಜಾಣರಿಗೆ ನೆಲ ಕಾಣುವುದಿಲ್ಲ.

ನಲವತ್ತು ವರ್ಷ ಮಗ್ಗ ರಿಪೇರಿ ಮಾಡಿದವನು. ಹೋದ ಮಳೆಗಾಲ ನನ್ನ ಮಾಳಿಗೆ ಸೋರಿತು. ಬೇರೆಯವರಾಗಿದ್ದರೆ ನಿಚ್ಚಣಿಕೆ ಹಾಕಿ ಹತ್ತಿ ನೋಡುತ್ತಿದ್ದರು. ನನ್ನ ಮೊಣಕಾಲು ಎರಡು ವರ್ಷದಿಂದ ಹತ್ತಲು ಒಪ್ಪುತ್ತಿಲ್ಲ. ಇವನಿಗೆ ಮೂರನೆಯ ಮೆಟ್ಟಿಲಿಗೇ ತಲೆ ತಿರುಗುತ್ತದೆ.

"ಯಾರನ್ನರೆ ಹತ್ತಸೋ" ಎಂದೆ.

"ಮಂದಿಗೆ ಏನ ತಿಳೀತೈತಿ? ನಾ ಇಲ್ಲೇ ಕುಂತು ನೋಡ್ತೇನಿ."

ಎಂಟು ತಿಂಗಳು ನನ್ನ ಪಡಸಾಲೆಯಲ್ಲೇ ಕುಳಿತು ಡ್ರೋನು ಮಾಡಿದ. ಅಲ್ಯುಮಿನಿಯಂ ಪಟ್ಟಿಯ ನಾಲ್ಕು ಕೈ, ತುದಿಗೊಂದು ಪಂಖ, ಹೊಟ್ಟೆಗೊಂದು ಕ್ಯಾಮೆರಾ. ನಿಚ್ಚಣಿಕೆಗೆ ಹೆದರುವ ಮನುಷ್ಯ ಆಕಾಶಕ್ಕೆ ಹೊರಟಿದ್ದ!

ಅಂಗಳದಲ್ಲಿ ಎಬ್ಬಿಸಿದರೆ ಅದು ಆಳೆತ್ತರ ಏರಿ ಗುಂಯ್ ಎಂದು ನಿಂತಲ್ಲೇ ನಿಲ್ಲಬೇಕು. ನಿಲ್ಲಲಿಲ್ಲ. ಯಾರೋ ಕರೆದಂತೆ ಮೆಲ್ಲಗೆ ಉತ್ತರಕ್ಕೆ ಜಾರಿ, ಗೋಡೆ ದಾಟಿ, ಪಕ್ಕದ ಮನೆಯವಳ ಹಿತ್ತಿಲಲ್ಲಿ ಬಿತ್ತು. ಊರಲ್ಲಿ ಎಷ್ಟು ಹಿತ್ತಿಲಿಲ್ಲ, ಅದಕ್ಕೆ ಅದೇ ಬೇಕಿತ್ತೆ? ಅವಳಿಗೂ ನನಗೂ ಎರಡು ವರ್ಷದಿಂದ ಮಾತಿಲ್ಲ. ಬಸುರಿ ಮಗಳ ಕುಬಸದ ಊಟಕ್ಕೆಂದು ನನ್ನ ತವರಿನ ಅಗಲವಾದ ಹಿತ್ತಾಳೆ ಪರಾತ ಒಯ್ದಿದ್ದಳು. ಮರಳಿ ಕೊಟ್ಟೆ ಎನ್ನುತ್ತಾಳೆ. ಕೊಟ್ಟಿಲ್ಲ ಎಂದು ನಾನು ಓಣಿಗೆಲ್ಲ ಕೇಳುವಂತೆ ಹೇಳಿದ್ದೆ.

ಎರಡು ಸಲ ಅವಳು ಡ್ರೋನನ್ನು ಎತ್ತಿ ಗೋಡೆಯ ಮೇಲಿಟ್ಟಳು. ಮೂರನೆಯ ಸಲ ಅದು ಅವಳ ಹಪ್ಪಳದ ಮೇಲೆ ಬಿತ್ತು. ನನ್ನನ್ನು ಬಿಟ್ಟು ತಮ್ಮನಿಗೆ ಮಾತ್ರ ಹೇಳಿದಳು: "ಅಣ್ಣಾರ, ಇನ್ನೊಮ್ಮೆ ಬಂತಂದ್ರ ಇದು ನೀರೊಲಿಗೆ ಹೋಗತೈತಿ. ಆಮ್ಯಾಲೆ ಕೊಟ್ಟಿಲ್ಲ ಅಂತ ಓಣಿ ತುಂಬ ಹೇಳ್ರಿ. ನಿಮ್ಮ ಮನ್ಯಾಗ ಅದು ರೂಢಿ ಐತಿ."

ತಮ್ಮನ ಮುಖ ಸಣ್ಣದಾಯಿತು. ಪಂಖ ಬದಲಿಸಿದ, ಬ್ಯಾಟರಿ ಸರಿಸಿದ, ಗಾಳಿಯನ್ನು ಬೈದ. ಹಾರಿಸುವ ಮೊದಲು ಪ್ರತಿ ಸಲವೂ ಅದನ್ನು ಪಡಸಾಲೆಯಲ್ಲಿ ಕೂರಿಸಿ, "ಸಮ ಅಂದ್ರ ಏನಂತ ಇದಕ್ಕ ಕಲಸಾಕತ್ತೇನಿ" ಎಂದು ಫೋನು ಒತ್ತುತ್ತಿದ್ದ. ಆ ಗಳಿಗೆಯಲ್ಲಿ ಹೇಗೆ ಕುಳಿತಿದೆಯೋ ಅದನ್ನೇ ಅದು ಸಮ ಎಂದು ನಂಬುತ್ತದಂತೆ. ಅದರ ಮುಖ ಮಾತ್ರ ಮೂಡಣಕ್ಕೇ, ಪಡಸಾಲೆಯಲ್ಲೂ ಅಂಗಳದಲ್ಲೂ. ಬೇರೆ ದಿಕ್ಕಿಗೆ ಮುಖ ಮಾಡಿ ಅವನು ಚಹಾ ಕೂಡ ಕುಡಿಯುವುದಿಲ್ಲ.

ಮತ್ತೊಮ್ಮೆ ಹಾಗೆ ಕೂರಿಸಿದಾಗ ನಾನು ತಂಬಿಗೆಯ ನೀರನ್ನು ಅದರ ಪಕ್ಕದಲ್ಲೇ ಸುರಿದೆ.

"ಅಕ್ಕಾ, ಹುಚ್ಚ ಹಿಡದೈತೇನು? ಕರಂಟಿನ ಸಾಮಾನ ಅದು."

"ನೀರು ಎತ್ತಾಗ ಹೊಂಟೈತಿ ನೋಡು."

ನೀರು ಉತ್ತರಕ್ಕೆ, ಬಚ್ಚಲ ಕಡೆಗೆ ಹರಿಯಿತು. ನೆಲ ತೊಳೆದರೆ ನೀರು ನಿಲ್ಲಬಾರದೆಂದು ಗೌಂಡಿಯ ಬೆನ್ನು ಹತ್ತಿ ಇಳಿಜಾರು ಹಾಕಿಸಿದವಳು ನಾನೇ.

"ಇಳಿಜಾರಿನ ಮ್ಯಾಲ ಕುಂದ್ರಿಸಿ ಸಮ ಕಲಿ ಅಂದ್ರ ಅದರೆ ಏನ ಮಾಡಬೇಕೋ? ಆಕಾಶದಾಗೂ ಬಚ್ಚಲಾ ಹುಡಕತೈತಿ."

ತಮ್ಮ ಡ್ರೋನನ್ನು ಎತ್ತಿಕೊಂಡ. "ಮದಲ ಯಾಕ ಹೇಳಲಿಲ್ಲ ನೀ?"

"ನೀ ಯಾವಾಗ ಕೇಳಿದಿ?"

ನನ್ನ ಮನೆಯಲ್ಲಿ ಖಂಡಿತವಾಗಿ ಸಮವಾಗಿರುವುದು ಬೀಸುಕಲ್ಲೊಂದೇ. ಅದು ಓರೆಯಾದರೆ ಹಿಟ್ಟು ಒಂದೇ ಕಡೆಗೆ ಬೀಳುತ್ತದೆ. ಅದರ ಹಿಡಿಗೂಟ ಕಿತ್ತು, ಕಲ್ಲಿನ ಮೇಲೆ ಡ್ರೋನು ಕೂರಿಸಿ ಪಾಠ ಹೇಳಿಸಿದೆ. ಅಂಗಳಕ್ಕೆ ಒಯ್ದಾಗ ಗೋಡೆಯಾಚೆ ಅವಳೂ ಬಂದು ನಿಂತಳು, ಕೈಯಲ್ಲಿ ಬಡಿಗೆ. ಡ್ರೋನು ಏರಿತು. ಮೊಳೆಗೆ ತೂಗುಹಾಕಿದ ಹಾಗೆ ನಿಂತಿತು. ಅವಳು ಬಡಿಗೆ ಕೆಳಗಿಟ್ಟು ಒಳಗೆ ಹೋದಳು.

ತಮ್ಮ ಅದನ್ನು ಮಾಳಿಗೆಯ ಮೇಲಕ್ಕೆ ಹಾರಿಸಿ, ಫೋನನ್ನು ನನ್ನ ಮುಂದೆ ಹಿಡಿದ. ನೀರು ಹೊರಹೋಗುವ ಕಿಂಡಿಗೆ ಅಡ್ಡವಾಗಿ ದುಂಡಗಿನದೇನೋ ಬಿದ್ದಿತ್ತು. ಹಸಿರುಗಟ್ಟಿದ ಹಿತ್ತಾಳೆ. ಕಡೆಯ ಸಲ ಹತ್ತಿದಾಗ ಮೆಣಸಿನಕಾಯಿ ಒಣಹಾಕಲು ಒಯ್ದವಳು ನಾನೇ.

"ಅಕ್ಕಾ, ಇದು..."

"ಕಾಣಸ್ತು. ಇಳಸು."

ಅವನು ಇಳಿಸಿದ. ಮತ್ತೇನೂ ಕೇಳಲಿಲ್ಲ. ಜಾಣ ಎಂದು ಮೊದಲೇ ಹೇಳಿದೆನಲ್ಲ.

ಮರುದಿನ ಮುಂಜಾನೆ ನಾಲ್ಕು ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋಗಿ, ಓಣಿಗೆಲ್ಲ ಕೇಳುವಂತೆ ಹೇಳಿದೆ: "ಪರಾತ ನನ್ನ ಮಾಳಿಗಿ ಮ್ಯಾಲೇ ಐತಿ. ನೀ ಕೊಟ್ಟಿದ್ದಿ."