ಗ್ರೀಕರ ಬೀಗರೂಟ

ಪ್ರೀತಿಯ ವಿಷಯದಲ್ಲಿ ನಾನು ಮೊದಲಿನಿಂದಲೂ ಸ್ವಲ್ಪ ಇಂಗ್ಲಿಷ್. ಕಾನ್ವೆಂಟಿನಲ್ಲಿ ಸಿಸ್ಟರ್ ಕಣ್ಣು ತಪ್ಪಿಸಿ ಓದಿದ ರೊಮ್ಯಾನ್ಸುಗಳಲ್ಲಿ ಗಂಡಸರು ಮಂಡಿಯೂರಿ ಮಾತಾಡುತ್ತಿದ್ದರು. ನನಗೆ ಸಿಕ್ಕಿದ್ದು ಕುಂದಾಣದ ದ್ರಾಕ್ಷಿ ತೋಟದ ಗೌಡರು. ಅವರೂ ಮಂಡಿಯೂರುತ್ತಿದ್ದರು, ಬಳ್ಳಿಯ ಬುಡಕ್ಕೆ ಗೊಬ್ಬರ ಹಾಕಲು. ಮೊಮ್ಮಕ್ಕಳು ಕಾಲೇಜಿಗೆ ಬಂದರೂ ಡಾರ್ಲಿಂಗ್ ಎಂಬುದಿರಲಿ, ಅದರ ಹತ್ತಿರದ ಮಾತೊಂದೂ ಅವರ ಬಾಯಿಂದ ಬರಲಿಲ್ಲ. ಸಿಲ್ಲಿ ಅನ್ನಿಸಿದರೂ ನಾನು ಕಾಯುತ್ತಲೇ ಇದ್ದೆ.

ಹೋದ ತಿಂಗಳು ದೇವನಹಳ್ಳಿಯ ಕಾಲೇಜೊಂದರ ಮಕ್ಕಳು ಹಳೆಯ ಗ್ರೀಕ್ ಸಂವಾದವೊಂದನ್ನು ಆಡಿದರು. ತತ್ವಜ್ಞಾನಿಗಳು ಔತಣಕ್ಕೆ ಸೇರಿ, ಪ್ರೀತಿಯೆಂದರೇನು ಎಂದು ಒಬ್ಬೊಬ್ಬರಾಗಿ ಹೇಳುವ ಪ್ರಸಂಗ. ರಿಟೈರ್ಡ್ ಇಂಗ್ಲಿಷ್ ಮೇಡಂ ಎಂದು ನಾನು ಚೀಫ್ ಗೆಸ್ಟ್. ಕಾರು ಓಡಿಸಲು ನಮ್ಮವರು. ಬಿಳಿ ಕಂಬ, ಬಿಳಿ ಗೌನು ಎಂದುಕೊಂಡು ಹೋದರೆ ಸ್ಟೇಜಿನ ಮೇಲೆ ಬಾಳೆಲೆಯ ಸಾಲು, ರಾಗಿ ಮುದ್ದೆ, ಕೋಳಿ ಸಾರು. ಐ ವಾಸ್ ಶಾಕ್ಡ್.

"ಏನಮ್ಮಾ ಇದು?" ಎಂದು ಕೇಳಿದೆ, ನಾಟಕ ಮಾಡಿಸುತ್ತಿದ್ದ ಭೂಮಿಕಾಳನ್ನು.

"ಔತಣ ಅಂದ್ರೆ ನಮ್ಗೆ ಬೀಗರೂಟನೇ ಮೇಡಂ. ನೀವಿಬ್ರೂ ಪಂಕ್ತೀಲಿ ಕೂತ್ಕೊಳಿ. ಎಲೆ ಮುಂದೆ ಕೂತೋರು ಯಾರೂ ಮಾತಾಡ್ದೆ ಏಳಂಗಿಲ್ಲ."

ಪಂಚೆಯುಟ್ಟ ತತ್ವಜ್ಞಾನಿಗಳಲ್ಲಿ ಒಬ್ಬ ಪ್ರೀತಿಯನ್ನು ದೇವರೆಂದ, ಇನ್ನೊಬ್ಬ ಏಣಿಯೆಂದ. "ಹತ್ತಿ ಬಿದ್ದೋನು ನಾನೇ ಗುರು," ಎಂದ ಮೂರನೆಯವನು. ಸರದಿ ನಮ್ಮವರ ಎಲೆಗೆ ಬಂತು. ಇಷ್ಟು ಜನರೆದುರು ಇವರು "ಪ್ರೀತಿಗೀತಿ ನಮ್ಗೆ ಗೊತ್ತಿಲ್ಲ" ಎಂದುಬಿಟ್ಟರೆ, ನಾನು ಇಷ್ಟು ವರ್ಷ ಕಾದದ್ದಕ್ಕೆ ಮೈಕಿನಲ್ಲೇ ಉತ್ತರ ಸಿಕ್ಕಂತೆ.

"ನೋಡ್ರಪ್ಪಾ," ಎಂದರು ಇವರು, "ಮದ್ವೆ ಆದ ಹೊಸ್ದ್ರಲ್ಲಿ ನಮ್ ಟೀಚರಮ್ಮ, ಮುದ್ದೇನ ಚಮಚದಲ್ಲಿ ತಿನ್ಬೇಕು ಅಂದ್ಳು. ಅವತ್ತಿಂದ ಅವಳೆದ್ರುಗೆ ಹಂಗೇ ತಿಂತೀನಿ. ಉಂಡಂಗೇ ಆಗಲ್ಲ. ಆಮೇಲೆ ತೋಟದ ಮನೇಲಿ ಕೂತು ಕೈಯಲ್ಲಿ ಇನ್ನೊಂದು ತಿಂತೀನಿ. ಇದ್ಕೆ ಏನಂತಾರೋ ಓದಿರೋರು ನೀವೇ ಹೇಳಿ."

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನನಗೆ ನಗು ಬರಲಿಲ್ಲ. ನಾನು ಓದಿದ ಹೀರೋಗಳಲ್ಲಿ ಒಬ್ಬನೂ ಯಾವ ಹೆಣ್ಣಿಗಾಗಿಯೂ ಎರಡೆರಡು ಸಲ ಉಂಡಿರಲಿಲ್ಲ. ಮೈಕು ನನ್ನ ಕೈಗೆ ಬಂತು. ತಯಾರು ಮಾಡಿಕೊಂಡು ಬಂದಿದ್ದ ಇಂಗ್ಲಿಷ್ ಸ್ಪೀಚಿನ ಒಂದು ಸಾಲೂ ನೆನಪಾಗಲಿಲ್ಲ. ಇವರು ಒಮ್ಮೆ ಎಲೆಯ ಮೇಲಿನ ಮುದ್ದೆಯನ್ನು, ಒಮ್ಮೆ ನನ್ನ ಮುಖವನ್ನು ನೋಡುತ್ತಾ ಕೂತಿದ್ದರು.

"ಕೈಯಲ್ಲೇ ತಿನ್ರೀ," ಎಂದೆ.

ಅಷ್ಟೇ ನನ್ನ ಭಾಷಣ. ಚಪ್ಪಾಳೆ ಜೋರಾಗಿಯೇ ಬಿತ್ತು. ಅಂದಿನಿಂದ ಮನೆಯಲ್ಲಿ ಮುದ್ದೆಯನ್ನು ಚಮಚದಿಂದ ಕೆದಕುತ್ತಾ ಕೂರುವವಳು ನಾನೊಬ್ಬಳೇ. ಅವರು ಉಂಡು ಕೈ ತೊಳೆದರೂ ನನ್ನದು ಮುಗಿದಿರುವುದಿಲ್ಲ. ಏನು ಮಾಡಲಿ, ನನಗೂ ಯಾರಾದರೂ ಪರ್ಮಿಷನ್ ಕೊಡಬೇಕಲ್ಲ.