ನಲವತ್ತೊಂದನೇ ಪುಟದ ಲೈಟ್‌ಹೌಸ್

ರಾತ್ರಿ ಒಂದು ಗಂಟೆ ದಾಟಿದ ಮೇಲೆ ಪುಸ್ತಕದ ಕಪಾಟಿನೊಳಗಿಂದ ‘ಕರ್... ಕರ್...’ ಎಂದು ಸಣ್ಣ ಸದ್ದು ಕೇಳಿತು. ಗ್ಯಾಸಿನ ನಾಬನ್ನು ಮೂರು ಸಲ ಮುಟ್ಟಿ ನೋಡಿ ಮಲಗುವ, ಡಿಸೆಂಬರಿನಲ್ಲೂ ಕೊಡೆ ಹಿಡಿದು ಹೊರಡುವ, ಬಾಯಿ ವಾಸನೆ ಬಂದೀತೆಂದು ಹೊರಗೆ ಎಲ್ಲೂ ನೀರುಳ್ಳಿ ತಿನ್ನದ ಸೌಮ್ಯಶ್ರೀಗೆ ಎಚ್ಚರವಾಗಲು ಅಷ್ಟು ಸಾಕಿತ್ತು. ಪಕ್ಕದಲ್ಲಿ ಮಲಗಿದ್ದ ಗಂಡನನ್ನು ಅಲುಗಾಡಿಸಿದಳು.

“ಕೇಳಿದ್ರಾ? ಎಂತದೋ ಸದ್ದಾಗ್ತಾ ಉಂಟು.”

“ಫ್ರಿಜ್ ಇರ್ಬೇಕು” ಎಂದ ಯೋಗೀಶ್. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಮ್ಯಾನೇಜರನಾದ ಅವನಿಗೆ ಲೋಕದ ಸದ್ದೆಲ್ಲವೂ ಫ್ರಿಜ್ಜಿನದ್ದೇ.

“ಕಪಾಟಿನೊಳಗೆ ಫ್ರಿಜ್ ಉಂಟಾ?”

“ಹಾಗಾದ್ರೆ ನಾಳೆ ನೋಡುವಾ” ಎಂದು ಅವನು ಮಗ್ಗುಲು ಬದಲಿಸಿದ.

ಕತ್ತಲಲ್ಲಿ ಒಬ್ಬಳೇ ಎದ್ದು ಕಪಾಟು ತೆಗೆಯುವ ಧೈರ್ಯ ಸೌಮ್ಯಶ್ರೀಗೆ ಇರಲಿಲ್ಲ. ಫ್ರಿಜ್ಜೇ ಇರಬೇಕೆಂದು ತನ್ನನ್ನು ತಾನೇ ಒಪ್ಪಿಸಿಕೊಂಡು ಕಿವಿ ಮುಚ್ಚಿ ಮಲಗಿದಳು.

ಬೆಳಿಗ್ಗೆ ಕಪಾಟು ತೆಗೆದಾಗ ಐರನ್ ಎಗ್ರೆಟ್‌ಗೆ ಕಾಲಿರಲಿಲ್ಲ.

ಐರನ್ ಎಗ್ರೆಟ್ ಎಂದರೆ ಅವಳ ಪ್ರಾಣದ ಇಂಗ್ಲಿಷ್ ಚಿತ್ರಕಾದಂಬರಿಯ ನಾಯಕ. ಕಬ್ಬಿಣದ ಕೊಕ್ಕಿನ ಶಿರಸ್ತ್ರಾಣ ತೊಟ್ಟು, ಗಡಿಯಾರದ ಗೋಪುರದ ತುದಿಯಲ್ಲಿ ಒಂಟಿ ಕಾಲಿನಲ್ಲಿ ನಿಂತು ಮಹಾನಗರವನ್ನು ಕಾಯುವ ಬೆಳ್ಳಕ್ಕಿ ಮನುಷ್ಯ. ಮುಖಪುಟದ ಆ ಒಂಟಿ ಕಾಲನ್ನು ಇಲಿ ಅಚ್ಚುಕಟ್ಟಾಗಿ ಮುಗಿಸಿತ್ತು. ಮೊದಲ ಏಳೆಂಟು ಪುಟಗಳ ಮೂಲೆಯೂ ಹೋಗಿ, ಪುಸ್ತಕ ಯಾರೋ ಕಚ್ಚಿಟ್ಟ ಹಪ್ಪಳದ ಹಾಗೆ ಕಾಣುತ್ತಿತ್ತು.

ಬೇರೆ ದಿನವಾಗಿದ್ದರೆ ಒಂದಿಷ್ಟು ಅತ್ತು ಸುಮ್ಮನಾಗುತ್ತಿದ್ದಳೇನೋ. ಆದರೆ ಅಂದು ಮಧ್ಯಾಹ್ನವೇ ಆ ಪುಸ್ತಕದ ಬಗ್ಗೆ ಅವಳ ಭಾಷಣವಿತ್ತು. ಉಡುಪಿಯ ಒಂದು ಕಾಲೇಜಿನಲ್ಲಿ ಅವಳು ಗ್ರಂಥಪಾಲಕಿ. ಮೂರು ವರ್ಷ ಕಾಡಿ ಬೇಡಿ ಅಲ್ಲಿ ಚಿತ್ರಕಾದಂಬರಿಗಳದ್ದೊಂದು ಕಪಾಟು ಮಾಡಿಸಿದ್ದಳು. ಹೊಸದಾಗಿ ಬಂದ ಪ್ರಿನ್ಸಿಪಾಲ್ ಹೂವಪ್ಪನವರು ಅದನ್ನು ಕಂಡು, “ಇದೆಲ್ಲ ಅಂಗನವಾಡಿಗೆ ಕೊಟ್ಟುಬಿಡುವಾ. ಒಮ್ಮೆ ಚಿತ್ರ ನೋಡಿದ್ರೆ ಮುಗೀತು. ಎರಡನೇ ಸಲ ಓದುವವರು ಯಾರುಂಟು?” ಎಂದಿದ್ದರು. “ನಾನುಂಟು ಸರ್” ಎಂಬ ಮಾತು ಸೌಮ್ಯಶ್ರೀಯ ಬಾಯಿಂದ ತಾನಾಗಿ ಹೊರಬಿದ್ದಿತ್ತು. ಹಾಗಾದರೆ ಗ್ರಂಥಾಲಯ ಸಪ್ತಾಹದಲ್ಲಿ ಎಲ್ಲರ ಮುಂದೆ ಅದನ್ನೇ ಹೇಳಿ, ಆಮೇಲೆ ಕಪಾಟಿನ ವಿಷಯ ನೋಡುವಾ ಎಂದು ಅವರು ತೀರ್ಪು ಕೊಟ್ಟಿದ್ದರು.

ಆ ಪುಸ್ತಕ ಅವಳ ಕೈಗೆ ಬಂದದ್ದು ಡಿಗ್ರಿಯ ಕೊನೆಯ ವರ್ಷದಲ್ಲಿ. ಕೊಟ್ಟವನು ಸಹಪಾಠಿ ಬೆಂಜಮಿನ್. ಸಂಜೆಯ ಹೊತ್ತು ಅಂಗಡಿಗಳ ಬೋರ್ಡು ಬರೆದು ಫೀಸು ಹೊಂದಿಸುತ್ತಿದ್ದ ಹುಡುಗ. “ಶುಕ್ರವಾರದ ಒಳಗೆ ಓದು. ಹೊಡೆದಾಟ ಮಾತ್ರ ನೋಡ್ಬೇಡ ಮಾರಾಯ್ತಿ, ಹಿಂದೆ ಎಂತ ಉಂಟು ಅಂತ ನೋಡು” ಎಂದಿದ್ದ. ಪರೀಕ್ಷೆಯ ಗಾಬರಿಯಲ್ಲಿದ್ದ ಅವಳು ಬಸ್ಸಿನಲ್ಲೇ ಓದಿ ಮುಗಿಸಿದ್ದಳು. ಸೋಮವಾರ ಬೆಂಜಮಿನ್ ಕಾವಲಿಯಿಂದ ತೆಗೆದ ಬಂಗುಡೆ ಮೀನಿನ ಹಾಗೆ ಮುಖ ಮೂಗೆಲ್ಲ ಬಿಸಿಲಿಗೆ ಕರಟಿಸಿಕೊಂಡು ಬಂದಿದ್ದ.

“ಎಲ್ಲಿಗೆ ಹೋಗಿದ್ದೆ?”

“ಹೀಗೇ, ಗಾಳಿಗೆ. ಪುಸ್ತಕ ಓದಿದ್ಯಾ?”

“ಓದಿದೆ. ಚಂದ ಉಂಟು.”

“ಅಷ್ಟೇಯಾ?”

“ಮತ್ತೆಂತ?”

ಅವನು ನಕ್ಕು, “ಹಾಗಾದ್ರೆ ನೀನೇ ಇಟ್ಕೋ. ಇನ್ನೊಂದು ಸಲ ಓದು” ಎಂದಿದ್ದ. ಪರೀಕ್ಷೆ ಮುಗಿದದ್ದೇ ದೋಹಾಕ್ಕೆ ಹೋದ. ಈಗ ಅಲ್ಲೇ ಹೆಂಡತಿ ಬ್ರೆಂಡಾ, ಇಬ್ಬರು ಮಕ್ಕಳು. ವರ್ಷಕ್ಕೊಮ್ಮೆ ಕ್ರಿಸ್‌ಮಸ್‌ಗೆ ಮಿನುಗುವ ನಕ್ಷತ್ರದ ಒಂದು ಸಂದೇಶ ಬರುತ್ತಿತ್ತು.

ಆದರೆ ಅವಳು ಇನ್ನೊಂದು ಸಲ ಓದಿದ್ದು ಮಾತ್ರ ನಿಜ. ಆಮೇಲೆ ಮತ್ತೊಂದು ಸಲ. ಹದಿನಾಲ್ಕು ವರ್ಷದಲ್ಲಿ ಎಷ್ಟು ಸಲ ಎಂಬ ಲೆಕ್ಕ ತಪ್ಪಿತ್ತು. ಓದಿ ಓದಿ ಬೆನ್ನು ಬಿಟ್ಟ ಪುಸ್ತಕಕ್ಕೆ ಹಿಂದಿನ ವಾರವಷ್ಟೇ ಮೈದಾ ಗಂಜಿ ಕಾಯಿಸಿ ಹಚ್ಚಿದ್ದಳು.

“ಅದೇ ನೋಡಿ, ಗಂಜಿ! ಅದಕ್ಕೇ ಇಲಿ ಬಂದದ್ದು” ಎಂದರು ಕೆಳಗಿನ ಮನೆಯ ಕುಶಲಕ್ಕ. ಪರ್ಕಳದ ಆ ಬಾಡಿಗೆ ಮನೆಯ ಒಡತಿಯಾದ ಅವರಿಗೆ ಮಹಡಿಯ ಮೇಲೆ ಸೂಜಿ ಬಿದ್ದರೂ ತಿಳಿಯುತ್ತಿತ್ತು. “ನೀವು ಪುಸ್ತಕಕ್ಕೆ ಮದ್ದು ಮಾಡಿದ್ದಲ್ಲ ಮಾರಾಯ್ರೆ, ಇಲಿಗೆ ಊಟ ಬಡಿಸಿದ್ದು.”

ಇಲಿಯ ಹಿಕ್ಕೆ ತಾಗಿದ ಪುಸ್ತಕವನ್ನು ಸೌಮ್ಯಶ್ರೀ ಒದ್ದೆ ಬಟ್ಟೆಯಲ್ಲಿ ಒರೆಸಿ, ಸ್ನಾನ ಮುಗಿಸಿ ಬರುವಷ್ಟರಲ್ಲಿ ಕುಶಲಕ್ಕ ಅದನ್ನು ಟೆರೇಸಿಗೆ ಒಯ್ದಾಗಿತ್ತು. “ಒಣಗ್ಲಿ ಅಂತ ಇಟ್ಟೆ” ಎಂದು ಅವರು ಹೆಮ್ಮೆಯಿಂದ ತೋರಿಸಿದರು. ಚಾಪೆಯ ಮೇಲೆ ಎರಡು ಸಾಲು ನಂಗ್ ಮೀನು. ನಡುವೆ ಕಾಲಿಲ್ಲದ ಐರನ್ ಎಗ್ರೆಟ್, ತನ್ನ ಊಟದ ಮಧ್ಯೆಯೇ ಸತ್ತುಬಿದ್ದವನಂತೆ.

ಬಸ್ಸಿನಲ್ಲಿ ಅವಳ ಪಕ್ಕ ಕೂತಿದ್ದ ಹೆಂಗಸು ಮಣಿಪಾಲ ಬರುವುದರೊಳಗೆ ಎರಡು ಸಲ ಮೂಗೆಳೆದು, “ಒಣ ಮೀನು ಎಲ್ಲಿಂದ ತಂದ್ರಿ? ಒಳ್ಳೇದು ಕಾಣ್ತದೆ” ಎಂದು ಕೇಳಿದಳು. “ಪುಸ್ತಕ” ಎಂದು ಸೌಮ್ಯಶ್ರೀ ಮೆಲ್ಲಗೆ ಹೇಳಿದಳು. ಆ ಹೆಂಗಸು ಆಮೇಲೆ ಅವಳ ಕಡೆ ತಿರುಗಲಿಲ್ಲ.

ಕಾಲೇಜಿನಲ್ಲಿ ಸಿಕ್ಕವರು ಅರ್ಥಶಾಸ್ತ್ರದ ಜಿತೇಂದ್ರ ಸರ್. ಕಾಪುವಿನಿಂದ ದಿನಾ ಬೈಕಿನಲ್ಲಿ ಬರುವ, ಯಾರೂ ಕೇಳದಿದ್ದರೂ ಸಹಾಯಕ್ಕೆ ನಿಲ್ಲುವ ಮನುಷ್ಯ. “ಎಂತ ಹೆದರ್ತೀರಿ ಮೇಡಂ? ಇನ್ನೊಂದು ಪ್ರತಿ ಹುಡುಕುವಾ” ಎಂದವರೇ ಕಾಲೇಜಿನ ವಾಟ್ಸ್ಆ್ಯಪ್ ಗುಂಪಿಗೆ ಬರೆದರು: ‘ಲೈಬ್ರರಿ ಮೇಡಮ್‌ನ ಎಗ್ರೆಟ್‌ನ ಕಾಲು ಇಲಿ ಕಚ್ಚಿ ಹೋಗಿದೆ. ಇನ್ನೊಂದು ಇದ್ದವರು ತುರ್ತಾಗಿ ತನ್ನಿ.’

ಐದು ನಿಮಿಷದಲ್ಲಿ ಮೂವರು ಪಶುವೈದ್ಯರ ನಂಬರು ಬಂತು. ಒಬ್ಬರು, ಕೊಕ್ಕರೆ ಸಾಕುವುದು ಅಪರಾಧ, ಅರಣ್ಯ ಇಲಾಖೆಗೆ ಗೊತ್ತಾದರೆ ಕಷ್ಟ ಎಂದು ಎಚ್ಚರಿಸಿದರು. ಹೂವಪ್ಪನವರು ಅವಳನ್ನು ಕರೆಸಿ, “ಮನೆಯಲ್ಲಿ ಹಕ್ಕಿ ಬೇರೆ ಉಂಟಾ ನಿಮಗೆ?” ಎಂದು ಕೇಳಿದರು.

ಆದರೂ ಆ ಸಂದೇಶ ಫಲ ಕೊಟ್ಟಿತು. ಕಾರ್ಕಳದಿಂದ ಬರುವ ಎರಡನೇ ವರ್ಷದ ಚೈತಾಲಿ, “ಮೇಡಂ, ನನ್ನ ಹತ್ರ ಉಂಟು. ಅಪ್ಪನಿಗೆ ಹೇಳಿ ಬಸ್ಸಿನಲ್ಲಿ ಕೊಟ್ಟು ಕಳಿಸ್ತೇನೆ” ಎಂದಳು. ಮಧ್ಯಾಹ್ನದ ಹೊತ್ತಿಗೆ ಕಂಡಕ್ಟರನ ಕೈಯಿಂದ ಹೊಚ್ಚಹೊಸದರಂಥ ಐರನ್ ಎಗ್ರೆಟ್ ಬಂದಿಳಿದ. ಒಂಟಿ ಕಾಲು ಗಟ್ಟಿಯಾಗಿತ್ತು. ಸೌಮ್ಯಶ್ರೀಗೆ ಹೋದ ಜೀವ ಬಂದಂತಾಯಿತು. ಮೊದಲ ಪುಟಗಳಿಗೆ ಚೈತಾಲಿಯ ಪ್ರತಿ, ಆಮೇಲಿನದಕ್ಕೆ ತನ್ನದು ಎಂದು ನಿಶ್ಚಯಿಸಿದಳು. ಇಷ್ಟು ವರ್ಷ ಜೊತೆಗಿದ್ದದ್ದನ್ನು ಪೂರ್ತಿ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಸಭಾಂಗಣ ತುಂಬಿತ್ತು. ಪುಟವನ್ನು ಕ್ಯಾಮೆರಾದ ಕೆಳಗಿಟ್ಟರೆ ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮೊದಲ ಪುಟವನ್ನು ಗಡಿಬಿಡಿಯಲ್ಲಿ ದಾಟಿದ ಅವಳು ಎರಡನೇ ಪುಟದಿಂದ ನಿಧಾನವಾಗಿ ಬೆರಳಿಟ್ಟು ತೋರಿಸತೊಡಗಿದಳು.

“ಮೊದಲ ಸಲ ಓದುವಾಗ ನಮ್ಮ ಕಣ್ಣು ಐರನ್ ಎಗ್ರೆಟ್‌ನ ಮೇಲೆಯೇ ಇರ್ತದೆ. ಅವನು ಹಾರ್ತಾನೆ, ಹೊಡೀತಾನೆ, ಗೆಲ್ತಾನೆ. ಎರಡನೇ ಸಲ ಓದುವಾಗ ಇಲ್ಲಿ ನೋಡಿ, ಮೂಲೆಯಲ್ಲಿ ಹೂ ಮಾರುವ ಈ ಅಜ್ಜಿ. ಪ್ರತಿ ಹೊಡೆದಾಟದ ಹಿಂದೆಯೂ ಇವಳಿದ್ದಾಳೆ. ಪ್ರತಿ ಸಲವೂ ಅವನು ಬರುವ ಮೊದಲೇ ಇವಳ ಬುಟ್ಟಿ ಮಗುಚಿ ಬಿದ್ದಿರ್ತದೆ. ಮೂರನೇ ಸಲ ಗೋಪುರದ ಗಡಿಯಾರ ನೋಡಿ. ಯಾರೋ ಕಿರುಚಿದ್ದು ಕೇಳಿದ್ದಕ್ಕೂ ಅವನು ತಲುಪಿದ್ದಕ್ಕೂ ನಡುವೆ ಮುಳ್ಳು ಸ್ವಲ್ಪ ಮುಂದೆ ಹೋಗಿದೆ. ಅಂದರೆ ಈ ಮಹಾಶೂರ ಒಂದು ಸಲವೂ ಸಮಯಕ್ಕೆ ಸರಿಯಾಗಿ ಬಂದವನಲ್ಲ. ಇದನ್ನು ಎಲ್ಲೂ ಒಂದು ಅಕ್ಷರದಲ್ಲೂ ಬರೆದಿಲ್ಲ. ಹಿಂದೆ ತಿರುಗಿ ನೋಡಿದವರಿಗೆ ಮಾತ್ರ ಗೊತ್ತಾಗ್ತದೆ.”

ಹುಡುಗರು ಮೊಬೈಲು ಕೆಳಗಿಟ್ಟರು. ಹೂವಪ್ಪನವರು ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದರು. ಕಪಾಟು ಉಳಿಯಿತು ಎಂದು ಸೌಮ್ಯಶ್ರೀಗೆ ಅನಿಸಿದ್ದು ಆಗಲೇ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವಳ ಅತಿ ದೊಡ್ಡ ಸಂಶೋಧನೆ ಇನ್ನೂ ಬಾಕಿ ಇತ್ತು.

ತನ್ನ ಪ್ರತಿಯ ನಲವತ್ತೊಂದನೇ ಪುಟವನ್ನು ಕ್ಯಾಮೆರಾದ ಕೆಳಗಿಟ್ಟಳು. ಐರನ್ ಎಗ್ರೆಟ್ ಶಿರಸ್ತ್ರಾಣ ಕಳಚಿ ತನ್ನ ಅಡುಗೆಮನೆಯಲ್ಲಿ ಬೆನ್ನು ಹಾಕಿ ಕೂತಿದ್ದ.

“ಎಲ್ಲರೂ ದಾಟಿ ಹೋಗುವ ಪುಟ ಇದು. ಕಿಟಕಿಯಾಚೆ ನೋಡಿ, ಉಗುರಿನಷ್ಟು ಸಣ್ಣ ದೀಪಸ್ತಂಭ. ಅದು ನಾಯಕನ ಒಂಟಿತನ. ಅದರ ಬುಡದಲ್ಲೊಬ್ಬ ಮನುಷ್ಯ, ಎರಡೂ ಕೈಯಲ್ಲಿ ಪಂಜು. ಕಿಡಿ ಹಾರುವ ಪಂಜು ನ್ಯಾಯದ್ದು, ಕಿಡಿ ಇಲ್ಲದ್ದು ಕರುಣೆಯದ್ದು. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಸುತ್ತು ಹಾಕಿದೆ. ಅದು ವಿಧಿ. ನನ್ನ ಪ್ರಕಾರ ಇಡೀ ಪುಸ್ತಕದ ಬೀಗದ ಕೈ ಇರುವುದು ಇಲ್ಲಿಯೇ.”

ಚಪ್ಪಾಳೆ ಬಿತ್ತು. ಅದರ ನಡುವೆ ಚೈತಾಲಿ ಅರ್ಧ ಎದ್ದು ನಿಂತಳು. “ಮೇಡಂ... ನನ್ನ ಪುಸ್ತಕದಲ್ಲಿ ಅದು ಇಲ್ಲ.”

“ಸರಿ ನೋಡಮ್ಮ. ನಾಲ್ಕೈದು ಸಲ ಓದಿದ್ರೆ ಕಾಣ್ತದೆ.”

“ಓದಿದ್ದೇನೆ ಮೇಡಂ. ಕಿಟಕಿಯಲ್ಲಿ ಬರೀ ಆಕಾಶ.”

ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟರು. ಚೈತಾಲಿಯದ್ದರಲ್ಲಿ ಖಾಲಿ ಕಿಟಕಿ, ಸುತ್ತಿಲ್ಲದ ಕ್ಯಾಲೆಂಡರ್. ಸೌಮ್ಯಶ್ರೀಯದ್ದರಲ್ಲಿ ದೀಪಸ್ತಂಭ. ಸಭೆಯಲ್ಲಿ ಗುಸುಗುಸು ಎದ್ದಿತು. ಅಷ್ಟರಲ್ಲಿ ಜಿತೇಂದ್ರ ಸರ್ ಪರದೆಯ ಹತ್ತಿರ ಹೋಗಿ ಕೈಯೆತ್ತಿ ಕೂಗಿದರು:

“ಇದು ನಮ್ಮ ಕಾಪುವಿನ ಲೈಟ್‌ಹೌಸ್ ಮಾರಾಯ್ರೆ! ಬಂಡೆ ನೋಡಿ, ಮೆಟ್ಟಿಲು ನೋಡಿ, ಕಪ್ಪು ಬಿಳಿ ಪಟ್ಟೆ ನೋಡಿ! ದಿನಾ ಕಾಣ್ತೇನಲ್ಲ ನಾನು. ಅದು ಪಂಜು ಎಲ್ಲಿಯದ್ದು? ಚರುಮುರಿ! ಕಾಗದದ ಸುರುಳಿ ಅದು. ಕಿಡಿಯಲ್ಲ, ನೀರುಳ್ಳಿ! ಒಂದಕ್ಕೆ ಹಾಕಿದ್ದಾರೆ, ಇನ್ನೊಂದಕ್ಕೆ ಹಾಕಲಿಲ್ಲ, ಅಷ್ಟೇ!”

ಸಭಾಂಗಣ ನಗೆಯಿಂದ ಅದುರಿತು. ಅದುರದೆ ನಿಂತವಳು ಸೌಮ್ಯಶ್ರೀ ಒಬ್ಬಳೇ.

ಕಾಪುವಿನ ಆ ದೀಪಸ್ತಂಭವನ್ನು ಅವಳು ಕಾಣದವಳಲ್ಲ. ಹೆದ್ದಾರಿಯಲ್ಲಿ ಹೋಗುವಾಗೆಲ್ಲ ಬಸ್ಸಿನ ಕಿಟಕಿಯಿಂದ ಕತ್ತು ಚಾಚಿ ಹುಡುಕಿದವಳೇ. ಆದರೆ ಅಷ್ಟು ದೊಡ್ಡ ದೇಶದ ಅಷ್ಟು ದೊಡ್ಡ ಪುಸ್ತಕದೊಳಗೆ ಕಾಪು ಇರಬಹುದೆಂದು ಅವಳಿಗೆ ಒಮ್ಮೆಯೂ ತೋಚಿರಲಿಲ್ಲ. ಈಗ ಗೋಡೆಯಷ್ಟು ದೊಡ್ಡದಾಗಿ ಕಂಡಾಗ, ಆ ಗೆರೆಗಳು ಅಂಗಡಿ ಬೋರ್ಡು ಬರೆಯುವ ಕೈಯವು ಎಂದು ತಿಳಿಯಿತು. ಸುತ್ತು ಹಾಕಿದ್ದು ಶನಿವಾರಕ್ಕೆ. ಇಡೀ ತರಗತಿಯಲ್ಲಿ ಚರುಮುರಿಗೆ ನೀರುಳ್ಳಿ ಬೇಡ ಎನ್ನುತ್ತಿದ್ದವಳು ತಾನೊಬ್ಬಳೇ.

ಶುಕ್ರವಾರದ ಒಳಗೆ ಓದು. ಹಿಂದೆ ಎಂತ ಉಂಟು ನೋಡು. ಶನಿವಾರವಿಡೀ ಬಿಸಿಲಲ್ಲಿ ಕಾದು ಕರಟಿದ, ಸೋಮವಾರದ ಆ ಮುಖ. ಅಷ್ಟೇಯಾ?

“ಎಂತ ಮೇಡಂ ಇದು?” ಹೂವಪ್ಪನವರು ಎದ್ದು ನಿಂತಿದ್ದರು. “ಪುಸ್ತಕದಲ್ಲಿ ಇಲ್ಲದ್ದನ್ನು ಓದಿದ್ರಾ ಇಷ್ಟು ವರ್ಷ? ಯಾರು ಗೀಚಿದ್ದು ಇದನ್ನು?”

ನಿಜ ಹೇಳಿದರೆ ಕಪಾಟು ಆ ಕ್ಷಣವೇ ಅಂಗನವಾಡಿಗೆ ಹೋಗುತ್ತಿತ್ತು, ಅವಳ ಮಾನವೂ ಅದರ ಹಿಂದೆಯೇ. ಅವಳು ಬಾಯಿ ತೆರೆಯುವ ಮೊದಲೇ ಜಿತೇಂದ್ರ ಸರ್ ಸಹಾಯಕ್ಕೆ ಹಾರಿದರು.

“ಗೀಚಿದ್ದಲ್ಲ ಸರ್! ಇದು ಅಪರೂಪದ ಮುದ್ರಣ ಇರ್ಬೇಕು. ಚಿತ್ರಕಾರರು ಒಂದೆರಡು ಪ್ರತಿಗೆ ಮಾತ್ರ ಕೈಯಾರೆ ಬರೀತಾರಂತೆ. ಆ ಪುಣ್ಯಾತ್ಮ ಕಾಪುವಿಗೆ ಬಂದಿರ್ಬೇಕು. ಜಗತ್ತಿನಲ್ಲಿ ಇದೊಂದೇ ಇರ್ಲಿಕ್ಕೂ ಸಾಕು. ಅಲ್ವಾ ಮೇಡಂ?”

ಸೌಮ್ಯಶ್ರೀ ಪರದೆಯನ್ನೇ ನೋಡುತ್ತಾ, “ಹೌದು ಸರ್. ಇದೊಂದೇ” ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹೂವಪ್ಪನವರ ಮುಖ ಬೆಳಗಿತು. ಮುಂದಿನ ತಿಂಗಳು ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ತೋರಿಸಲು ಏನೂ ಇಲ್ಲವೆಂದು ಅವರು ನಿದ್ದೆ ಬಿಟ್ಟಿದ್ದರು. “ಹಾಗಾದ್ರೆ ಕಪಾಟು ಅಲ್ಲಿಯೇ ಇರ್ಲಿ! ಈ ಪುಸ್ತಕ ಕಾಲೇಜಿಗೆ ನಿಮ್ಮ ಕೊಡುಗೆ ಅಂತ ಬರೆಸುವಾ” ಎಂದು ಘೋಷಿಸಿದರು. ಚಪ್ಪಾಳೆ ಮತ್ತೆ ಬಿತ್ತು. ಬೇಡ ಎನ್ನಲು ಸೌಮ್ಯಶ್ರೀ ಎತ್ತಿದ ಕೈಯನ್ನೇ ಹಿಡಿದು ಅವರು ಕುಲುಕಿದರು.

ಸಂಜೆಯೊಳಗೆ ಕಬಡ್ಡಿ ತಂಡ ಗೆದ್ದ ಕಪ್ಪುಗಳಿದ್ದ ಗಾಜಿನ ಪೆಟ್ಟಿಗೆ ಖಾಲಿಯಾಗಿ, ಕಾಲೇಜಿನ ಹೆಬ್ಬಾಗಿಲ ಬಳಿ ಬಂದು ನಿಂತಿತು. ಒಳಗೆ ನಲವತ್ತೊಂದನೇ ಪುಟ ತೆರೆದುಕೊಂಡು ಪುಸ್ತಕ ಮಲಗಿತ್ತು. ಮೇಲೊಂದು ಪುಟ್ಟ ಬಲ್ಬು. ಬೀಗದ ಕೈ ಹೂವಪ್ಪನವರ ಜೇಬಿನಲ್ಲಿ. ಮನೆಗೆ ಹೊರಟ ಹುಡುಗ ಹುಡುಗಿಯರು ಬಗ್ಗಿ ಬಗ್ಗಿ ನೋಡಿ, “ಇಲ್ಲಿ ಉಂಟು, ಚರುಮುರಿ!” ಎಂದು ನಗುತ್ತಿದ್ದರು. ಹದಿನಾಲ್ಕು ವರ್ಷ ಅವಳಿಗಾಗಿ ಮಾತ್ರ ಕಾದಿದ್ದ ಪುಟವನ್ನು ಈಗ ಅವಳೂ ಸರತಿಯಲ್ಲಿ ನಿಂತು, ಗಾಜಿನ ಈಚೆಯಿಂದ ನೋಡಬೇಕಾಯಿತು. ಇನ್ನೊಂದು ಸಲ ಓದೋಣವೆಂದರೆ ಪುಟ ತಿರುವುವಂತಿರಲಿಲ್ಲ.

ಗೇಟಿನ ಹೊರಗೆ ಯೋಗೀಶ್ ಸ್ಕೂಟರಿಗೆ ಒರಗಿ ನಿಂತಿದ್ದ. ಎಂದೂ ಕರೆದೊಯ್ಯಲು ಬಾರದವನು, ಭಾಷಣದ ದಿನವೆಂದು ನೆನಪಿಟ್ಟು ಬಂದಿದ್ದ. ಬೀದಿದೀಪದ ಕೆಳಗೆ ಅವನ ಎರಡೂ ಕೈಯಲ್ಲಿ ಒಂದೊಂದು ಕಾಗದದ ಸುರುಳಿ.

ಸೌಮ್ಯಶ್ರೀ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು.

“ಎಂತ ಹಾಗೆ ನೋಡ್ತಿ? ಚರುಮುರಿ. ತಡ ಆಯ್ತು ನನಗೆ, ದಾರಿಯಲ್ಲಿ ಸಿಕ್ಕಿದ್ದು ಇದೇ. ಹೇಗಾಯ್ತು ಭಾಷಣ?”

“ಚಂದ ಆಯ್ತು. ಕಪಾಟು ಉಳೀತು.”

“ಅಷ್ಟೇಯಾ?”

ಅವಳು ಅವನ ಮುಖ ನೋಡಿದಳು. ಕುಶಲಕ್ಕನಿಗೆ ಹೇಳಿದರೆ ಪರ್ಕಳಕ್ಕೆಲ್ಲ ಹೇಳಿದಂತೆ. ದೋಹಾಕ್ಕೆ ಹೇಳಿದರೆ, ನಕ್ಷತ್ರದ ಸಂದೇಶ ಕಳಿಸುವವನು ಏನೆಂದು ಉತ್ತರಿಸಬೇಕು? ಇವನಿಗೆ ಹೇಳಿದರೆ ಮುಂದಿನ ಸಲ ಚರುಮುರಿ ತರಲು ಹಿಂಜರಿದಾನು. ಯಾರಿಗೂ ಹೇಳುವುದಿಲ್ಲ ಎಂದು ಅಲ್ಲಿಯೇ, ಸ್ಕೂಟರು ಏರುವ ಮೊದಲು, ಅವಳು ತೀರ್ಮಾನಿಸಿದಳು.

“ಅಷ್ಟೇ” ಎಂದು ಒಂದು ಸುರುಳಿ ತೆಗೆದುಕೊಂಡು, ಅದರಿಂದ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು.

ನೀರುಳ್ಳಿ ಇತ್ತು. ಅದನ್ನೂ ಹೇಳಲಿಲ್ಲ.