ಜೀರಂಗಿಯ ಪಾರಣೆ

“ಸಣ್ಣಾಂವ ಇದ್ದಾಗ ರಾವೂರದಾಗ ಕಡ್ಡಿಪೆಟ್ಟಿಗ್ಯಾಗ ನೂರು ಜೀರಂಗಿ ಸಾಕಿದ ಕೈ ಇದು! ಈ ಡಬ್ಬಿಯೊಳಗಿನ ಹುಳ ನನಗ ಯಾವ ಲೆಕ್ಕ?”

ವಾಡಿಯ ಹೈಸ್ಕೂಲಿನ ಗಣಿತದ ಮಾಸ್ತರ ಗೋಪಾಲಾಚಾರ್ಯರು ಹೀಗೆ ಗರ್ಜಿಸಿದ್ದು ಖಾಲಿ ಮನೆಯಲ್ಲಿ. ಕೇಳಬೇಕಾದ ಹೆಂಡತಿ ಭಾಮಾ ಆಗತಾನೇ ಸೇಡಂ ರೈಲು ಹತ್ತಿದ್ದಳು, ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ. ಹೋಗುವಾಗ ಮೂರು ಸಲ ಹೇಳಿದ್ದಳು: “ಸೆಲ್ ಮುಗದ್ರ ಹೊಸಾ ಸೆಲ್ ಹಾಕ್ರಿ. ಮತ್ತೇನೂ ಮುಟ್ಟಬ್ಯಾಡ್ರಿ!”

ಮುಟ್ಟಬೇಡ ಎಂದರೆ ಮುಟ್ಟದೇ ಇರುವ ಗಂಡ ಇನ್ನೂ ಹುಟ್ಟಬೇಕಷ್ಟೇ.

ಡಬ್ಬಿ ಎಂದರೆ ಅಂಗೈಯಗಲದ ವಿಡಿಯೋ ಗೇಮು, ಭಾಮಾಳ ತಮ್ಮ ನಂದಕಿಶೋರ್ ಹೈದರಾಬಾದಿನಿಂದ ತಂದುಕೊಟ್ಟದ್ದು. ಅದರೊಳಗೊಂದು ಕಾಡು, ಕಾಡಿನ ತುಂಬ ವಿಚಿತ್ರ ಪ್ರಾಣಿಗಳು. ಅವನ್ನು ಹಿಡಿಯಬೇಕು, ಸಾಕಬೇಕು, ಕಾದಾಟಕ್ಕೆ ಬಿಡಬೇಕು. ಬೆಂಕಿ ಉಗುಳುವ ಹುಲಿ ಸಿಕ್ಕರೂ ಬಿಟ್ಟುಬಿಟ್ಟ ಭಾಮಾ, ಎಂಟು ತಿಂಗಳು ಜೀವ ತೇದು ಸಾಕಿದ್ದು ಒಂದು ಹಸಿರು ಹುಳವನ್ನು. ಅದಕ್ಕೆ ಜೀರಂಗಿ ಎಂದು ಹೆಸರಿಟ್ಟವಳೂ ಅವಳೇ. ಪಕ್ಕದ ಮನೆಯ ಸರ್ವರಬೇಗಂಳಿಗೂ ಜೆಡ್ಡಾದಲ್ಲಿರುವ ಅಣ್ಣ ಅಂಥದೇ ಡಬ್ಬಿ ಕಳಿಸಿದ್ದ. ಅವಳದು ಕರಿ ಕಣಜ. ದಸರೆ ರಜೆಯ ದ್ವಾದಶಿಯ ದಿನ ಎರಡು ಡಬ್ಬಿಗೂ ವೈರು ಸಿಗಿಸಿ ಪಂದ್ಯ ಎಂದು ನಿಕ್ಕಿಯಾಗಿತ್ತು. ಸೋತವಳ ಹುಳ ಗೆದ್ದವಳ ಡಬ್ಬಿಗೆ!

ಅಂದು ದಶಮಿ. ಆಚಾರ್ಯರು ಡಬ್ಬಿ ತೆರೆದು ನೋಡಿದರೆ ಜೀರಂಗಿಯ ಪ್ರಾಣ ತೋರಿಸುವ ಗೆರೆ ಚಿಟಿಕೆಯಷ್ಟಾಗಿ ಕೆಂಪು ತಿರುಗಿತ್ತು.

“ಅಯ್ಯಯ್ಯ, ಉಪವಾಸ ಕೆಡವಿ ತವರಿಗೆ ಹೋಗ್ಯಾಳ!” ಎಂದು ಮರುಗಿ, ಆಟದೊಳಗಿನ ಚೀಲದಲ್ಲಿದ್ದ ಎಲೆ ತಿನ್ನಿಸಿದರು. ಗೆರೆ ಉದ್ದವಾಗಿ ಹಸಿರಾಯಿತು. ಕಾದಾಟಕ್ಕೆ ಬಿಟ್ಟರು. ಕಪ್ಪೆಯ ಎದುರು ಸೋಲು! ನಾಲ್ಕು ಎಲೆ ತಿನ್ನಿಸಿದರು, ಬಸವನಹುಳದ ಎದುರು ಸೋಲು! ಆರು ಎಲೆ ತಿನ್ನಿಸಿದರೆ, ದಡದ ಮೇಲೆ ವಿಲಿವಿಲಿ ಒದ್ದಾಡುತ್ತಿದ್ದ ಮೀನು ಕೂಡ ಬಾಲದಲ್ಲಿ ಬಾರಿಸಿ ಕೆಡವಿತು. ಆಚಾರ್ಯರು ಪಾಟಿಯ ಮೇಲೆ ಕೋಷ್ಟಕ ಬರೆದರು, ಒರೆಸಿದರು, ಮತ್ತೆ ಬರೆದರು. ಉಂಡಷ್ಟೂ ಸೋಲುವ ಪ್ರಾಣಿ ಇಪ್ಪತ್ತೆರಡು ವರ್ಷದ ಮಾಸ್ತರಿಕೆಯಲ್ಲಿ ಅವರಿಗೆ ಸಿಕ್ಕಿರಲಿಲ್ಲ. ತಲೆ ಕೆಟ್ಟು ಮೊಸರುಗಡಿಗೆಯಾಯಿತು.

ಅಷ್ಟರಲ್ಲಿ ಫೋನು.

“ಏನ್ರೀ, ಡಬ್ಬಿ ಮುಟ್ಟಿಲ್ಲಲ್ಲ?”

“ಛೇ ಛೇ! ಎಲ್ಲಿ ಅದ ಅನ್ನೋದೂ ಮರ್ತೀನಿ.”

“ನನ್ನ ಜೀರಂಗಿ ಹೋತಂದ್ರ ನಾ ಸೇಡಂದಾಗೇ ಉಳೀತೀನಿ ನೋಡ್ರಿ!”

ಆಚಾರ್ಯರು ತಟ್ಟನೆ ಡಬ್ಬಿ ಕೆಳಗಿಟ್ಟರು. ಭಾಮಾ ಸೇಡಂನಲ್ಲಿ ಉಳಿದರೆ ಅಡುಗೆಯ ಗತಿ?

ಮರುದಿನ ಏಕಾದಶಿ. ಸೋತು ಮೂರ್ಛೆಹೋಗಿ ಎದ್ದಿದ್ದ ಜೀರಂಗಿಯ ಗೆರೆ ಮತ್ತೆ ಕೆಂಪಾಗಿತ್ತು. ಡಬ್ಬಿ ಪಿಂಯ್ ಪಿಂಯ್ ಎಂದು ಎಲೆ ಕೇಳಿತು.

“ಇವತ್ತು ಏಕಾದಶಿ! ಯಜಮಾನ ಹನಿ ನೀರು ಮುಟ್ಟಿಲ್ಲ, ನಿನಗ ಎಲಿ ಬೇಕೇನು? ವೈಷ್ಣವರ ಮನಿ ಹುಳ ನೀ, ನೆನಪಿರಲಿ!”

ಹಸಿದ ಹುಳವನ್ನೇ ಕಾದಾಟಕ್ಕೆ ಬಿಟ್ಟರು. ಒಂದೇ ಹೊಡೆತಕ್ಕೆ ಕಪ್ಪೆ ಅಂಗಾತ! ಬಸವನಹುಳ ಚಿಪ್ಪುಸಹಿತ ಉರುಳಿತು. ಸಾಯಂಕಾಲದೊಳಗೆ ಒಂದು ಹುಲಿ, ಎರಡು ಕರಡಿ! ಆಚಾರ್ಯರಿಗೆ ಮೈಯೆಲ್ಲ ರೋಮಾಂಚನ. ನಿನ್ನೆ ಉಂಡು ಸೋತದ್ದು ಇಂದು ಹಸಿದು ಗೆಲ್ಲುವುದೆಂದರೇನು? ಗಣಿತದಲ್ಲಿ ಉತ್ತರ ಸಿಗಲಿಲ್ಲ, ಪಂಚಾಂಗದಲ್ಲಿ ಸಿಕ್ಕಿತು. ಇದು ಏಕಾದಶಿ ವ್ರತದ ಫಲವಲ್ಲದೆ ಮತ್ತೇನು!

ಫಲವೇನೋ ಸರಿ. ಆದರೆ ದ್ವಾದಶಿಯ ಬೆಳಿಗ್ಗೆ ಹೊತ್ತು ಮೀರುವುದರೊಳಗೆ ಉಪವಾಸ ಬಿಟ್ಟು ಪಾರಣೆ ಮಾಡದಿದ್ದರೆ ಆ ಫಲವೆಲ್ಲ ನೀರುಪಾಲಲ್ಲವೇ? ಪಂದ್ಯದ ದಿನ ಅಂಥ ಅನಾಹುತ ಆಗಬಾರದು! ಆಚಾರ್ಯರು ಮಡಿಯಲ್ಲಿ ಕುಳಿತು, ಚೀಲದಲ್ಲಿ ಉಳಿದಿದ್ದ ಹನ್ನೊಂದೂ ಎಲೆಗಳನ್ನು ಒಂದೊಂದಾಗಿ ಜೀರಂಗಿಗೆ ಉಣ್ಣಿಸಿದರು. ತಾವು ಮಾತ್ರ ಒಂದು ಉದ್ಧರಣೆ ತೀರ್ಥದಲ್ಲೇ ಪಾರಣೆಯ ಶಾಸ್ತ್ರ ಮುಗಿಸಿದರು. ಊಟಕ್ಕೆ ಹೇಗೂ ಭಾಮಾ ಬರುತ್ತಾಳಲ್ಲ!

ಭಾಮಾ ರೈಲಿಳಿದು ಮನೆಗೆ ಬಂದಾಗ ಸರ್ವರಬೇಗಂ ವೈರು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಬಾ ಭಾಮಕ್ಕಾ, ಜಲ್ದಿ ಆಡಮು. ನನಗ ಇಫ್ತಾರಿನ ತಯ್ಯಾರಿ ಭಾಳ ಅದ.”

ವೈರು ಸಿಗಿಸಿದರು. ಕಣಜ ಒಂದು ಸಲ ಕುಟುಕಿತು. ಜೀರಂಗಿ ತೇಗುವುದರೊಳಗೆ ನೆಲ ಕಚ್ಚಿತು!

ಭಾಮಾ ಕಣ್ಣುಜ್ಜಿ ನೋಡಿದಳು. “ಇದರ ಗೆರಿ ಯಾಕ ಹಸರ ಇತ್ತು? ಏನ್ರೀ, ಇದಕ್ಕ ಎಲಿ ಹಾಕೀರೇನು?”

“ಪಾರಣಿ...” ಎಂದರು ಆಚಾರ್ಯರು.

“ಅಯ್ಯ ನನ್ನ ಕರ್ಮನ! ಗೆರಿ ಕೆಂಪಾದಾಗನೇ ಹುಳದ ಹೊಡತ ಮೂರು ಪಟ್ಟು ಆಗ್ತದ್ರೀ! ಅದಕ್ಕಂತನೇ ಕೆಂಪು ಮಾಡಿ ಇಟ್ಟು ಹೋಗಿದ್ದೆ!”

“ಹಂಗಾದ್ರ ನಿಮ್ಮ ಕಣಜ?” ಎಂದು ಆಚಾರ್ಯರು ಸರ್ವರಬೇಗಂಳ ಕಡೆ ತಿರುಗಿದರು.

“ಅದಕ್ಕ ಹಗಲೊತ್ತು ನಾ ಏನೂ ಹಾಕಲ್ರೀ ಮಾಸ್ತರ್ರೇ. ರಂಜಾನ್ ಅದಲ್ರೀ, ಅದೂ ರೋಜಾ ಅದ!” ಎಂದು ಅವಳು ನಕ್ಕಳು. ಭಾಮಾಳ ಕಣ್ಣಲ್ಲಿ ನೀರು ಕಂಡದ್ದೇ ನಗು ನುಂಗಿಕೊಂಡಳು. “ಅಳಬ್ಯಾಡ ಭಾಮಕ್ಕಾ. ಈದ್ ತನಕ ನನ್ನ ಹತ್ತಿರ ಇರಲಿ. ಆಮ್ಯಾಗ ಮತ್ತ ಆಡಿ ಗೆದ್ಕೋ.”

ಎಂಟು ತಿಂಗಳ ಜೀರಂಗಿ ವೈರಿನೊಳಗಿಂದ ಹಾದು ಪಕ್ಕದ ಮನೆ ಸೇರಿತು. ಭಾಮಾ ಚೀಲ ಮೂಲೆಗಿಟ್ಟು ಫ್ಯಾನಿನ ಕೆಳಗೆ ಕಾಲು ಚಾಚಿ ಕುಳಿತಳು. ಅರ್ಧ ಗಂಟೆಯಾದರೂ ಏಳುವ ಲಕ್ಷಣವಿಲ್ಲ. ಆಚಾರ್ಯರ ಹೊಟ್ಟೆ ಡಬ್ಬಿಗಿಂತ ಜೋರಾಗಿ ಪಿಂಯ್‌ಗುಟ್ಟಿತು.

“ಭಾಮಾ, ತಪ್ಪಾತು. ಆದ್ರ ನಿನ್ನಿಯಿಂದ ಒಂದಗಳೂ ತಿಂದಿಲ್ಲ ನಾನು. ಅಡಗಿ...”

ಭಾಮಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹೌದಲ್ಲ! ಹಂಗಾದ್ರ ನಿಮಗೂ ಈಗ ಮೂರು ಪಟ್ಟು ಶಕ್ತಿ ಬಂದಿರಬೇಕು. ಏಳ್ರಿ, ಒಲಿ ಹಚ್ಚರಿ!”

ಗೋಪಾಲಾಚಾರ್ಯರು ಗೆರೆ ಕೆಂಪಾದ ಮೈಯನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದರು.